ಸ್ಟೋರ್ ರೂಮಿನಲ್ಲಿ ಸಿಕ್ಕಿಬಿದ್ದ ಪ್ರೋಟೀನು

ಎಪ್ರಿಲ್ ಮೊದಲ ವಾರ ನಾನು ನನ್ನ ಇನ್‌ಕ್ಯುಬೇಟರನ್ನು ಎ.ಸಿ. ಕೋಣೆಯಿಂದ ಹೊರಿಸಿಕೊಂಡು ಹೋಗಿ ಪ್ರಯೋಗಾಲಯದ ಇನ್ನೊಂದು ತುದಿಯ ಸ್ಟೋರ್ ರೂಮಿನಲ್ಲಿ ಇಡಿಸಿದೆ. ಕೇಳಿದವರಿಗೆ ಜಾಗ ಸಾಲುವುದಿಲ್ಲ ಅಂದೆ. ಅದು ಸುಳ್ಳು. ಆ ಕೋಣೆಯಲ್ಲಿ ಇನ್ನೂ ಎರಡು ಮೇಜು ಹಿಡಿಯುವಷ್ಟು ಜಾಗವಿತ್ತು. ಅಲ್ಲಿ ನನ್ನ ಪಕ್ಕದಲ್ಲೇ ಕುಳಿತು ಕೆಲಸ ಮಾಡುತ್ತಿದ್ದ ಹುಡುಗಿಯ ಮುಖವನ್ನು ದಿನವಿಡೀ ನೋಡಲು ನನ್ನಿಂದಾಗದೆ ಎದ್ದುಹೋದೆ, ಅಷ್ಟೆ.

ಅವಳು ವಿಟ್ಲದವಳು. ನನಗಿಂತ ಎಂಟು ವರ್ಷ ಚಿಕ್ಕವಳು, ಕೆಲಸಕ್ಕೆ ನನಗಿಂತ ಎರಡು ವರ್ಷ ತಡವಾಗಿ ಸೇರಿದವಳು. ಮೂಡುಬಿದಿರೆಯ ಹೊರವಲಯದ ಕಾಲೇಜೊಂದರ ಆ ಸಣ್ಣ ಸಂಶೋಧನಾ ಘಟಕದಲ್ಲಿ ಇದ್ದವರೇ ನಾಲ್ಕು ಜನ: ಯೋಜನೆಯ ಮುಖ್ಯಸ್ಥರಾದ ಸರ್, ಸಂಶೋಧನಾ ಸಹಾಯಕಿಯರಾದ ನಾವಿಬ್ಬರು, ಮತ್ತೆ ಅಟೆಂಡರ್. ಯೋಜನೆಯ ಮೊದಲ ಹಂತ ಮೇ ಕೊನೆಗೆ ಮುಗಿಯುವುದರಲ್ಲಿತ್ತು. ಮುಂದಿನ ಹಂತಕ್ಕೆ ಸಹಾಯಕಿಯ ಹುದ್ದೆ ಒಂದೇ ಎಂದು ಸರ್ ಮೊದಲೇ ಹೇಳಿದ್ದರು. ಮೇ ಕೊನೆಯ ಸೋಮವಾರ ಪರಿಶೀಲನಾ ಸಮಿತಿ ಬರುತ್ತದೆ, ಇಬ್ಬರೂ ತಮ್ಮ ತಮ್ಮ ಕೆಲಸ ತೋರಿಸಬೇಕು, ಒಬ್ಬರು ಉಳಿಯುತ್ತಾರೆ, ಇನ್ನೊಬ್ಬರು ಮನೆಗೆ ಹೋಗುತ್ತಾರೆ.

ನಾವು ಕೆಲಸ ಮಾಡುತ್ತಿದ್ದದ್ದು ಯೀಸ್ಟಿನ ಮೇಲೆ. ಇಡ್ಲಿ ಹಿಟ್ಟಿನಿಂದ ಬೇಕರಿಯ ಬನ್ನಿನವರೆಗೆ ಎಲ್ಲೆಲ್ಲೂ ಇರುವ ಈ ಒಂದೇ ಕೋಶದ ಜೀವಿ ತನ್ನ ಹೊರಪೊರೆಗೆ ಬೇಕಾದ ಪ್ರೋಟೀನುಗಳನ್ನು ಹೊರಪೊರೆಯಲ್ಲೇ ತಯಾರಿಸುವುದಿಲ್ಲ. ಅವು ತಯಾರಾಗುವುದು ಒಳಗೆ, ಕೋಶಕೇಂದ್ರವನ್ನು ಸುತ್ತಿಕೊಂಡು ಅಲ್ಲಿಂದ ಕೋಶದ ಅಂಚಿನವರೆಗೆ ಹಬ್ಬಿರುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯ ಜಾಲದಲ್ಲಿ. ನಾವು ಅದನ್ನು ಇ.ಆರ್. ಎಂದಷ್ಟೇ ಕರೆಯುತ್ತೇವೆ. ಹುಟ್ಟಿದ ಪ್ರೋಟೀನು ಇ.ಆರ್.ನ ಪೊರೆಯಲ್ಲೇ ನಾಟಿಕೊಂಡಿರುತ್ತದೆ. ಆಮೇಲೆ ಆ ಪೊರೆಯಿಂದ ಸಣ್ಣ ಗುಳ್ಳೆಯೊಂದು ಉಬ್ಬಿ, ಪ್ರೋಟೀನನ್ನು ಹೊತ್ತು ಕಳಚಿಕೊಂಡು, ಗಾಲ್ಗಿ ಎಂಬ ಮುಂದಿನ ನಿಲ್ದಾಣಕ್ಕೆ ಹೋಗಿ ಸೇರುತ್ತದೆ. ಅಲ್ಲಿಂದ ಇನ್ನೊಂದು ಗುಳ್ಳೆ ಹೊರಪೊರೆಗೆ ಮುಟ್ಟಿಸುತ್ತದೆ. ಯಾವ ಪ್ರೋಟೀನು ಯಾವ ಗುಳ್ಳೆ ಹತ್ತಬೇಕು ಎಂಬುದನ್ನು ನೋಡಿಕೊಳ್ಳಲು ಬೇರೆಯೇ ಪ್ರೋಟೀನುಗಳಿವೆ. ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರ್ ಇದ್ದ ಹಾಗೆ.

ಈ ಮೊದಲ ಗುಳ್ಳೆ ಏಳುವ ಹಂತವನ್ನೇ ನಮಗೆ ಬೇಕಾದಾಗ ನಿಲ್ಲಿಸಿ, ಬೇಕಾದಾಗ ಬಿಡುವಂಥ ಒಂದು ತಳಿ ನಮ್ಮಲ್ಲಿತ್ತು. ಇಪ್ಪತ್ತೈದು ಡಿಗ್ರಿಯಲ್ಲಿ ಅದರ ಸಾಗಾಟ ಸರಿಯಾಗಿ ನಡೆಯುತ್ತದೆ. ಮೂವತ್ತೇಳಕ್ಕೆ ಏರಿಸಿದರೆ ಬಾಗಿಲು ಬಂದ್. ಹೊಸದಾಗಿ ಹುಟ್ಟಿದ ಪ್ರೋಟೀನುಗಳೆಲ್ಲ ಇ.ಆರ್.ನಲ್ಲೇ ಗುಂಪುಗೂಡುತ್ತವೆ. ಮತ್ತೆ ಇಪ್ಪತ್ತೈದಕ್ಕೆ ಇಳಿಸಿದರೆ ಎಲ್ಲವೂ ಒಟ್ಟಿಗೆ ಹೊರಡುತ್ತವೆ. ನಾನು ಈ ತಳಿಯಲ್ಲಿ ಅಮೈನೋ ಆಮ್ಲ ಸಾಗಿಸುವ ಒಂದು ಪೊರೆಪ್ರೋಟೀನಿನ ಬಾಲಕ್ಕೆ ಹಸಿರು ಹೊಳೆಯುವ ಪ್ರೋಟೀನನ್ನು ಅಂಟಿಸಿದ್ದೆ. ಹೋಲಿಸಿ ನೋಡಲಿಕ್ಕೆಂದು ಇನ್ನೊಂದು ಪೊರೆಪ್ರೋಟೀನಿಗೆ ಕೆಂಪು ಅಂಟಿಸಿದ್ದೆ. ಇದನ್ನು ಕಟ್ಟಲು ನನಗೆ ಹನ್ನೊಂದು ತಿಂಗಳು ಹಿಡಿದಿತ್ತು. ವಿಟ್ಲದವಳು ನನ್ನದೇ ತಾಯಿ ತಳಿಯನ್ನು ತೆಗೆದುಕೊಂಡು, ಅದರಲ್ಲಿ ಸಕ್ಕರೆ ಸಾಗಿಸುವ ಬೇರೆ ಪ್ರೋಟೀನನ್ನು ಕೂರಿಸಿ, ಐದೇ ವಾರದಲ್ಲಿ ಮುಗಿಸಿದಳು. ಮೊದಲ ಸಲ ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗಲೇ ಅವಳ ಕೋಶಗಳ ಸುತ್ತ ಗೆರೆ ಎಳೆದಂಥ ಹಸಿರು ಉಂಗುರ.

"ಪಟ ಅಂದ್ರೆ ಹೀಗಿರ್ಬೇಕು," ಅಂದರು ಸರ್. ನನ್ನ ಕಡೆ ತಿರುಗಿ, "ನೀವೂ ಒಮ್ಮೆ ನೋಡಿ," ಅಂದರು.

ನೋಡಿದೆ. ಚೆನ್ನಾಗಿತ್ತು. ಮೈ ಉರಿಯಿತು. ಅವಳು ಮಾತ್ರ ಅದೇನೂ ದೊಡ್ಡ ವಿಷಯವಲ್ಲ ಎಂಬಂತೆ, "ತಳಿ ಅಕ್ಕನದ್ದಲ್ವಾ ಸರ್, ಅದಕ್ಕೇ ಚಂದ ಬಂದದ್ದು," ಅಂದಳು. ಆ ಮಾತು ನನಗೆ ಇನ್ನಷ್ಟು ಚುಚ್ಚಿತು. ಜಂಬ ಕೊಚ್ಚಿಕೊಂಡಿದ್ದರೆ ಮನಸ್ಸಿನಲ್ಲೇ ನಾಲ್ಕು ಬೈದು ಹಗುರಾಗಬಹುದಿತ್ತು. ಅದಕ್ಕೂ ಅವಕಾಶ ಕೊಡದ ಹುಡುಗಿ ಅದು.

ಆಮೇಲೆ ಅವಳು ಮಾಡಿದ್ದೆಲ್ಲ ನನ್ನ ಕಣ್ಣಿಗೆ ಬೀಳತೊಡಗಿತು. ಪಿಪೆಟ್ ಹಿಡಿಯುವ ರೀತಿ, ನೋಟ್ ಪುಸ್ತಕದಲ್ಲಿ ಬರೆಯುವ ದುಂಡಗಿನ ಅಕ್ಷರ, ಪ್ರಯೋಗದ ನಡುವೆ ಕಾಯುವ ಹೊತ್ತಿನಲ್ಲಿ ಕಾಲು ಮಡಚಿ ಸ್ಟೂಲಿನ ಮೇಲೆ ಕುಳಿತು ಓದುವುದು, ಓದುತ್ತ ಓದುತ್ತ ತನ್ನಷ್ಟಕ್ಕೆ ನಗುವುದು. ಶಿರ್ತಾಡಿಯ ಮನೆಯಲ್ಲಿ ಊಟಕ್ಕೆ ಕುಳಿತಾಗ ನನ್ನ ಗಂಡ ಒಂದು ದಿನ, "ನಿನಗೆ ಆ ಹುಡುಗಿಯದ್ದು ಬಿಟ್ಟು ಬೇರೆ ಮಾತೇ ಇಲ್ವಾ ಮಾರಾಯ್ತಿ?" ಎಂದು ಕೇಳಿದರು. ಮರುದಿನವೇ ನಾನು ಇನ್‌ಕ್ಯುಬೇಟರ್ ಎತ್ತಿಸಿದ್ದು.

ನಮ್ಮಲ್ಲಿ ಇನ್‌ಕ್ಯುಬೇಟರ್ ಎರಡಿದ್ದವು. ಹೊಸದನ್ನು ಅವಳಿಗೆ ಬಿಟ್ಟು ಹಳೆಯದನ್ನು ನಾನು ತೆಗೆದುಕೊಂಡೆ. ತ್ಯಾಗ ಮಾಡಿದ ಹಾಗೆ ಕಾಣಲಿ ಎಂದು. ಅದು ತಿರುಗಿಸುವ ಗುಂಡಿಯ ಹಳೇ ಪೆಟ್ಟಿಗೆ. ಗುಂಡಿಯನ್ನು ಇಪ್ಪತ್ತೈದಕ್ಕೆ ತಿರುಗಿಸಿಟ್ಟರೆ ಒಳಗಿನ ಹೀಟರ್ ಹೊತ್ತಿಕೊಂಡಾಗಲೆಲ್ಲ ಮುಂದೆ ಒಂದು ಕೆಂಪು ದೀಪ ಉರಿಯುತ್ತಿತ್ತು. ಅದನ್ನು ಹೊತ್ತು ತಂದ ಅಟೆಂಡರ್ ಸ್ಟೋರ್ ರೂಮಿನಲ್ಲಿ ಬೆವರು ಒರೆಸಿಕೊಳ್ಳುತ್ತ, "ಈ ಕೋಣೆಯಲ್ಲಿ ಹಪ್ಪಳ ಒಣಗಿಸ್ಬಹುದು ಮೇಡಂ. ನೀವು ಎಂತಕ್ಕೆ ಇಲ್ಲಿಗೆ ಬರುದು?" ಅಂದ.

"ಒಬ್ಳೇ ಇದ್ರೆ ಕೆಲಸ ಆಗ್ತದೆ," ಅಂದೆ.

ನನ್ನ ಪ್ರಯೋಗದ ಕ್ರಮ ಹೀಗಿತ್ತು. ಸಂಜೆ ಸಣ್ಣ ಫ್ಲಾಸ್ಕಿನಲ್ಲಿ ಯೀಸ್ಟ್ ಹಾಕಿ ಇಪ್ಪತ್ತೈದರಲ್ಲಿ ಬೆಳೆಯಲು ಬಿಡುವುದು. ಮರುದಿನ ಅದಕ್ಕೆ ಗ್ಯಾಲಕ್ಟೋಸ್ ಸಕ್ಕರೆ ಕೊಡುವುದು. ಆ ಸಕ್ಕರೆ ಸಿಕ್ಕಿದ ಮೇಲೆಯೇ ಹಸಿರು, ಕೆಂಪು ಪ್ರೋಟೀನುಗಳ ತಯಾರಿ ಶುರುವಾಗುವಂತೆ ತಳಿಯನ್ನು ಕಟ್ಟಲಾಗಿತ್ತು. ಕೂಡಲೇ ಫ್ಲಾಸ್ಕನ್ನು ಮೂವತ್ತೇಳು ಡಿಗ್ರಿಯ ನೀರಿನ ತೊಟ್ಟಿಗೆ ಇಳಿಸಿ ಬಾಗಿಲು ಮುಚ್ಚುವುದು. ಸಾಕಷ್ಟು ಪ್ರೋಟೀನು ಒಳಗೆ ಸೇರಿದ ಮೇಲೆ ಗ್ಲೂಕೋಸ್ ಹಾಕಿ ತಯಾರಿ ನಿಲ್ಲಿಸಿ, ಫ್ಲಾಸ್ಕನ್ನು ಇನ್‌ಕ್ಯುಬೇಟರಿಗೆ ದಾಟಿಸುವುದು. ಆಮೇಲೆ ಹತ್ತು, ಇಪ್ಪತ್ತು, ನಲವತ್ತನೇ ನಿಮಿಷಕ್ಕೆ ಒಂದೊಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಪ್ರೋಟೀನು ಇ.ಆರ್.ನಲ್ಲೇ ಇದ್ದರೆ ಕೋಶದ ಮಧ್ಯದಲ್ಲಿ ಒಂದು ಒಳ ಉಂಗುರ ಕಾಣುತ್ತದೆ. ಹೊರಟು ಮುಟ್ಟಿದ್ದರೆ ಒಳ ಉಂಗುರ ಮಾಯವಾಗಿ ಹೊರ ಉಂಗುರ ಮಾತ್ರ ಉಳಿಯುತ್ತದೆ.

ಎ.ಸಿ. ಕೋಣೆಯಲ್ಲಿ ಇದ್ದಾಗ ನನ್ನ ಒಳ ಉಂಗುರ ನಲವತ್ತು ನಿಮಿಷದೊಳಗೆ ಮಾಯವಾಗುತ್ತಿತ್ತು. ಸ್ಟೋರ್ ರೂಮಿಗೆ ಬಂದ ಮೇಲೆ ಅದು ಹೋಗಲೇ ಇಲ್ಲ. ಮೊದಲ ದಿನ ಗ್ಲೂಕೋಸ್ ಕಡಿಮೆಯಾಗಿರಬೇಕೆಂದು ಹೊಸದಾಗಿ ಮಾಡಿದೆ. ಎರಡನೆಯ ಸಲ ಒಂದು ಗಂಟೆ ಕಾದೆ. ಹಸಿರು ಅಲ್ಲೇ ಮೊಂಡು ಹಿಡಿದು ಕುಳಿತಿತ್ತು. ಕೆಂಪು ಮಾತ್ರ ಎಂದಿನಂತೆ ಹೊರಗೆ ಬರುತ್ತಿತ್ತು. ಕೆಂಪು ಬರುತ್ತಿದೆ ಎಂದರೆ ಕೋಶಗಳು ಚೆನ್ನಾಗಿವೆ, ನನ್ನ ಕೈ ಸರಿಯಾಗಿದೆ, ಹಾಗಾದರೆ ಯಾರೋ ಹಸಿರಿಗೆ ಏನೋ ಮಾಡಿದ್ದಾರೆ. ಈ ಲೆಕ್ಕವನ್ನು ನಾನು ಎರಡನೇ ವಾರಕ್ಕೆಲ್ಲ ಹಾಕಿ ಮುಗಿಸಿದ್ದೆ. "ಯಾರೋ" ಎಂದರೆ ಯಾರು ಎಂದು ನನ್ನ ಮನಸ್ಸು ಬಹಳ ಹುಡುಕಲಿಲ್ಲ.

ನಮ್ಮ ತಳಿಗಳೆಲ್ಲ ಒಂದೇ ಡೀಪ್ ಫ್ರೀಜರಿನಲ್ಲಿ ಇದ್ದವು. ಅವಳು ನನ್ನ ಸೀಸೆಗೆ ಬೇರೆ ತಳಿ ಬೆರೆಸಿರಬೇಕು. ಸೀಸೆಗಳ ಮುಚ್ಚಳಕ್ಕೆ ಉಗುರಿನಿಂದ ಗೀರಿ ಗುರುತು ಮಾಡಿಟ್ಟೆ. ಗುರುತು ಅಲುಗಲಿಲ್ಲ. ಫ್ರೀಜರಿನ ತಳದಿಂದ ಹಳೆಯ ಸೀಸೆ ತೆಗೆದು ಹೊಸದಾಗಿ ಬೆಳೆಸಿದೆ. ಆಗಲೂ ಅದೇ ಒಳ ಉಂಗುರ. ನನ್ನ ಗ್ಯಾಲಕ್ಟೋಸ್ ಬಾಟಲಿಯನ್ನು ಬೀಗ ಹಾಕಿದ ಕಪಾಟಿನಲ್ಲಿ ಇಟ್ಟೆ, ಏನೂ ವ್ಯತ್ಯಾಸವಾಗಲಿಲ್ಲ. ಅದರಿಂದ ಅವಳ ಮೇಲಿನ ಅನುಮಾನ ಕರಗಬೇಕಿತ್ತು. ನನಗೆ ಅದು ಅವಳ ಜಾಣತನಕ್ಕೆ ಸಾಕ್ಷಿಯಾಗಿ ಕಂಡಿತು.

ಇದರ ಮಧ್ಯೆ ಇನ್‌ಕ್ಯುಬೇಟರಿನ ಕೆಂಪು ದೀಪವೂ ಹಗಲಿನಲ್ಲಿ ಉರಿಯುವುದು ನಿಂತಿತ್ತು. ಬಲ್ಬು ಹೋಗಿರಬೇಕೆಂದು ಬಿಟ್ಟೆ.

ಎಪ್ರಿಲ್ ಕೊನೆಗೆ ಅವಳು ಸಂಬಂಧಿಕರ ಮದುವೆಗೆಂದು ಒಂದು ದಿನ ರಜೆ ಹಾಕಿದಳು. ಸೂಕ್ಷ್ಮದರ್ಶಕ ಬೆಳಿಗ್ಗೆ ಅವಳಿಗೆ, ಮಧ್ಯಾಹ್ನದ ಮೇಲೆ ನನಗೆ ಎಂದು ಸರ್ ಹಂಚಿಕೊಟ್ಟಿದ್ದರು. ಆ ದಿನ ಬೆಳಗಿನ ಹೊತ್ತೂ ನನಗೇ ಸಿಕ್ಕಿತಲ್ಲ ಎಂದು ಮೊದಲ ಬಸ್ಸಿಗೇ ಬಂದು ಏಳು ಗಂಟೆಗೆ ಕೆಲಸ ಶುರು ಮಾಡಿದೆ. ಒಂಬತ್ತೂವರೆಗೆಲ್ಲ ಚಿತ್ರ ಪರದೆಯ ಮೇಲೆ ಬಂತು. ಒಳ ಉಂಗುರವೇ ಇಲ್ಲ! ಹಸಿರೂ ಕೆಂಪೂ ಚೊಕ್ಕಟವಾಗಿ ಹೊರಗೆ. ಕುರ್ಚಿಯಲ್ಲಿ ಒರಗಿ ಕುಳಿತೆ. ಅವಳಿಲ್ಲದ ಒಂದೇ ಒಂದು ದಿನ, ಕೆಲಸ ಕೂಡಿಬಂದ ಒಂದೇ ಒಂದು ದಿನ. ಇನ್ನೇನು ಬೇಕು ಅನ್ನಿಸಿತು.

ಸರ್ ಜಗಳ ಕಂಡರೆ ದೂರ ಸರಿಯುವ ಮನುಷ್ಯ. ನಾನು ಅವರ ಮುಂದೆ ಚಿತ್ರಗಳನ್ನು ದಿನಾಂಕದ ಪ್ರಕಾರ ಜೋಡಿಸಿಟ್ಟು, "ಅವಳು ಇದ್ದ ದಿನ ಎಲ್ಲ ಹಾಳಾಗ್ತದೆ ಸರ್. ಅವಳು ಇಲ್ಲದ ದಿನ ಸರಿ ಬರ್ತದೆ. ನಾನು ಮತ್ತೆ ಬೇರೆ ಎಂತ ಹೇಳುದು?" ಅಂದೆ.

"ಅವಳು ಹಾಗೆ ಮಾಡುವವಳಲ್ಲ," ಅಂದರು.

"ಹುದ್ದೆ ಒಂದೇ ಉಂಟಲ್ಲ ಸರ್."

ಆ ಮಾತನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಸರ್ ಬಹಳ ಹೊತ್ತು ಚಿತ್ರಗಳನ್ನು ತಿರುವಿಹಾಕಿದರು. ಮರುದಿನ ಅವಳನ್ನು ಕರೆದು, ಅವಳ ಪ್ರಯೋಗ ಹೇಗೂ ಮುಗಿದಿದೆ, ಸಮಿತಿ ಬರುವವರೆಗೆ ಮನೆಯಲ್ಲೇ ಕುಳಿತು ವರದಿ ಬರೆಯಲಿ, ಲ್ಯಾಬಿಗೆ ಬರುವುದು ಬೇಡ ಎಂದರು. ಕಾರಣವನ್ನೂ ಅವರಿಗೆ ಬಂದ ಮಟ್ಟಿಗೆ ಮೆತ್ತಗೆ ಹೇಳಿರಬೇಕು. ಅವಳು ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ನನ್ನ ಮೇಜಿನ ಹತ್ತಿರ ಬಂದು ನಿಂತು, "ಅಕ್ಕ, ನಾನು ನಿಮ್ಮ ಸೀಸೆ ಮುಟ್ಲಿಲ್ಲ," ಅಂದಳು. ನಾನು ಲೇಬಲ್ ಬರೆಯುತ್ತಿದ್ದವಳು ತಲೆ ಎತ್ತಲಿಲ್ಲ.

ಅವಳು ಹೋದ ಮೇಲೆ ಎ.ಸಿ. ಕೋಣೆ ನನ್ನೊಬ್ಬಳದ್ದೇ ಆಯಿತು. ಇನ್‌ಕ್ಯುಬೇಟರನ್ನು ವಾಪಸ್ ಅಲ್ಲಿಗೇ ತರಿಸಿದೆ. ಅಟೆಂಡರ್ ಪೆಟ್ಟಿಗೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟ. ಆ ದಿನದಿಂದ ನನ್ನ ಪ್ರಯೋಗಗಳು ಒಂದರ ಮೇಲೊಂದು ಗೆದ್ದವು. ಒಂದೂವರೆ ವಾರದಲ್ಲಿ ಸಮಿತಿಗೆ ತೋರಿಸಲು ಬೇಕಾದಷ್ಟು ಚಿತ್ರಗಳು ಕೂಡಿದವು. "ನೀವು ಹೇಳಿದ್ದು ಸರಿ ಇರ್ಬೇಕು," ಅಂದರು ಸರ್, ಬೇಸರದಿಂದ. ನನಗೆ ಬೇಸರವಾಗಲಿಲ್ಲ. ಹಸಿವು ಹೆಚ್ಚಾಗಿತ್ತು, ಬಸ್ಸಿನಲ್ಲಿ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಸಮಿತಿ ಬರುವ ಹಿಂದಿನ ವಾರ ಬುಧವಾರ ಸಂಜೆ ಸಿಡಿಲು ಮಳೆ ಬಂತು. ಮೇ ತಿಂಗಳಿನಲ್ಲಿ ನಮ್ಮ ಕಡೆ ಇದು ಇದ್ದದ್ದೇ. ಆ ಸಲ ಸಿಡಿಲಿಗೆ ಎ.ಸಿ. ಹೋಯಿತು. ರಿಪೇರಿಯವರು ಶನಿವಾರ ಬರುತ್ತೇವೆ ಅಂದರು. ನನಗೆ ಇನ್ನೊಂದು ಸಲ ನಲವತ್ತು ನಿಮಿಷದ ಚಿತ್ರ ಬೇಕಿತ್ತು. ಗುರುವಾರ ಮಧ್ಯಾಹ್ನ ಕಿಟಕಿ ತೆರೆದಿಟ್ಟು, ಬೆವರುತ್ತಲೇ ಕೆಲಸ ಮಾಡಿ, ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ.

ಒಳ ಉಂಗುರ ಅಲ್ಲೇ ಇತ್ತು.

ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೂ ಆಗ ಮೊದಲು ಬಂದ ಯೋಚನೆಯನ್ನು ಬರೆಯಲೇಬೇಕು. ಹೋಗುವ ಮೊದಲು ಇವಳು ಏನು ಮಾಡಿಟ್ಟು ಹೋದಳು ಎಂದುಕೊಂಡೆ. ಮೂರು ವಾರದಿಂದ ವಿಟ್ಲದಲ್ಲಿರುವ ಹುಡುಗಿ! ಎದ್ದು ಹೋಗಿ ಇನ್‌ಕ್ಯುಬೇಟರಿನ ಮುಂದೆ ನಿಂತೆ. ಗುಂಡಿ ಇಪ್ಪತ್ತೈದರಲ್ಲೇ ಇತ್ತು. ಕೆಂಪು ದೀಪ ಉರಿಯುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನ ಅದು ಉರಿದು ಆರಿ ಮಾಡುತ್ತಿದ್ದದ್ದನ್ನು ನಾನೇ ನೋಡಿದ್ದೆ. ಹಾಗಾದರೆ ಬಲ್ಬು ಹೋಗಿಲ್ಲ. ಬಾಗಿಲು ತೆರೆದು ಒಳಗೆ ಕೈಯಿಟ್ಟೆ. ಒಳಗೂ ಹೊರಗೂ ಒಂದೇ ಸೆಖೆ.

ಆಗ ಹೊಳೆಯಿತು. ಈ ಹಳೇ ಪೆಟ್ಟಿಗೆಗೆ ಬಿಸಿ ಮಾಡಲು ಮಾತ್ರ ಬರುತ್ತದೆ. ತಂಪು ಮಾಡುವ ವ್ಯವಸ್ಥೆ ಅದರಲ್ಲಿ ಇಲ್ಲವೇ ಇಲ್ಲ. ಇಪ್ಪತ್ತೆರಡು ಡಿಗ್ರಿಯ ಎ.ಸಿ. ಕೋಣೆಯಲ್ಲಿ ಅದು ಹೀಟರ್ ಉರಿಸಿ ಇಪ್ಪತ್ತೈದಕ್ಕೆ ತಂದು ನಿಲ್ಲಿಸುತ್ತದೆ. ಕೋಣೆಯೇ ಅದಕ್ಕಿಂತ ಬಿಸಿಯಾಗಿದ್ದರೆ ಹೀಟರ್ ಆರಿಸಿ ಸುಮ್ಮನೆ ಕೂರುತ್ತದೆ, ಅಷ್ಟೇ. ಗುಂಡಿಯ ಮೇಲೆ ಇಪ್ಪತ್ತೈದು ಎಂದು ಬರೆದಿರುತ್ತದೆ, ಒಳಗೆ ಕೋಣೆಯ ಸೆಖೆ ಇರುತ್ತದೆ.

ಶುಕ್ರವಾರ ಒಂದು ಥರ್ಮೋಮೀಟರ್ ಹುಡುಕಿ ತೆಗೆದೆ. ಇನ್‌ಕ್ಯುಬೇಟರನ್ನು ಮತ್ತೊಮ್ಮೆ ಸ್ಟೋರ್ ರೂಮಿಗೆ ಹೊರಿಸಿ ಅದೇ ಜಾಗದಲ್ಲಿ ಇಡಿಸಿದೆ. "ಇನ್ನು ಇದಕ್ಕೆ ಚಕ್ರ ಹಾಕ್ಸುವ ಮೇಡಂ," ಅಂದ ಅಟೆಂಡರ್. ನಗು ಬರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಒಳಗೆ ಮೂವತ್ತಮೂರು. ಶನಿವಾರ ಬೆಳಿಗ್ಗೆ ಏಳಕ್ಕೆ ಬಂದು ನೋಡಿದಾಗ ಇಪ್ಪತ್ತಾರೂವರೆ. ಎಲ್ಲಕ್ಕೂ ಉತ್ತರ ಅಲ್ಲಿತ್ತು. ರಾತ್ರಿ ತಂಪಿಗೆ ಯೀಸ್ಟ್ ಚೆನ್ನಾಗಿ ಬೆಳೆಯುತ್ತಿದ್ದದ್ದರಿಂದ ನನಗೆ ಅನುಮಾನ ಬಂದಿರಲಿಲ್ಲ. ಮದುವೆಯ ರಜೆಯ ದಿನ ಬೆಳಗಿನ ತಂಪಿನಲ್ಲಿ ಮಾಡಿದ್ದರಿಂದ ಕೆಲಸ ಕೂಡಿಬಂದಿತ್ತು. ಅವಳಿದ್ದರೆ ಕೆಡುತ್ತಿತ್ತು, ಅವಳಿಲ್ಲದಿದ್ದರೆ ಸರಿಯಾಗುತ್ತಿತ್ತು, ನಿಜ. ಏಕೆಂದರೆ ಅವಳಿದ್ದರೆ ನಾನು ಆ ಕೋಣೆಯಲ್ಲಿ ಇರುತ್ತಿರಲಿಲ್ಲ.

ಇದು ನನಗೊಬ್ಬಳಿಗೇ ಗೊತ್ತಿತ್ತು. ಥರ್ಮೋಮೀಟರನ್ನು ಡ್ರಾಯರಿಗೆ ಹಾಕಿಬಿಟ್ಟರೆ ಮುಗಿಯಿತು. ಒಳ್ಳೆಯ ಚಿತ್ರಗಳು ಕೈಯಲ್ಲಿದ್ದವು, ಸೋಮವಾರಕ್ಕೆ ಎರಡೇ ದಿನ, ಹುದ್ದೆ ಹೆಚ್ಚುಕಡಿಮೆ ನನ್ನದೇ. ಮೂವತ್ತಾರು ವಯಸ್ಸಾದ ಮೇಲೆ ಈ ಊರಿನ ಆಸುಪಾಸಿನಲ್ಲಿ ಇಂಥ ಕೆಲಸ ಇನ್ನೊಂದು ಸಿಗುವುದಿಲ್ಲ ಎಂಬುದೂ ಗೊತ್ತಿತ್ತು. ಡ್ರಾಯರಿಗೆ ಹಾಕಿಯೂ ಹಾಕಿದೆ. ಅದನ್ನು ಮುಚ್ಚಿಡುತ್ತೇನೆ ಎಂದೇ ತೀರ್ಮಾನಿಸಿ ಸಮಿತಿಯ ವರದಿ ಬರೆಯಲು ಕುಳಿತೆ.

ವರದಿಗೆ ಪ್ರತಿ ಪ್ರಯೋಗದ ವಿವರವನ್ನು ನೋಟ್ ಪುಸ್ತಕದಿಂದ ಎತ್ತಿ ಬರೆಯಬೇಕು. ಪುಟ ತಿರುವಿದೆ. ಸ್ಟೋರ್ ರೂಮಿನ ಪ್ರತಿ ದಿನವೂ ನನ್ನದೇ ಕೈಬರಹದಲ್ಲಿ "ಬಿಡುಗಡೆ: 25 ಡಿಗ್ರಿ". ಒಂದು ದಿನವೂ ಅಳೆದಿರಲಿಲ್ಲ. ಗುಂಡಿ ನೋಡಿ ಬರೆದದ್ದು. ಲ್ಯಾಬಿಗೆ ಬರುವ ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅಳೆಯದೆ ಬರೆಯಬೇಡಿ ಎಂಬುದು. ಅವಳು ಸೀಸೆ ಮುಟ್ಟಿದ್ದಾಳೆ ಎಂದು ಹೇಳಿದ್ದೂ ಅಳೆಯದೆ ಬರೆದ ಮಾತೇ. ನಮ್ಮಲ್ಲಿ ನೋಟ್ ಪುಸ್ತಕದ ತಪ್ಪನ್ನು ಬಿಳಿ ಬಳಿದು ಅಳಿಸುವಂತಿಲ್ಲ. ತಪ್ಪು ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ದಿನಾಂಕ ಹಾಕಿ ಸಹಿ ಮಾಡಬೇಕು. ಪೆನ್ನು ತೆಗೆದುಕೊಂಡು ಗೆರೆ ಎಳೆಯಲು ಶುರು ಮಾಡಿದೆ. ಇಪ್ಪತ್ತಮೂರು ಕಡೆ ಎಳೆದೆ. ಪಕ್ಕದಲ್ಲಿ "ಅಳೆದಿಲ್ಲ, ಸುಮಾರು 33 ಇದ್ದಿರಬೇಕು" ಎಂದು, ಮದುವೆಯ ರಜೆಯ ಆ ಒಂದು ದಿನಕ್ಕೆ ಮಾತ್ರ "ಸುಮಾರು 27" ಎಂದು ಬರೆದು, ಇಪ್ಪತ್ತಮೂರು ಸಲ ಸಹಿ ಹಾಕಿದೆ. ಆಮೇಲೆ ಪುಸ್ತಕವನ್ನೂ ಥರ್ಮೋಮೀಟರನ್ನೂ ಎತ್ತಿಕೊಂಡು ಸರ್ ಕೋಣೆಗೆ ಹೋದೆ.

ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ತಪ್ಪು ನನ್ನದೂ ಉಂಟು. ವಿಚಾರ ಮಾಡದೆ ಅವಳನ್ನು ಕಳ್ಸಿದೆ," ಅಂದರು. ಕನ್ನಡಕ ಮತ್ತೆ ಹಾಕಿಕೊಂಡು, "ಫೋನ್ ಮಾಡಿ ಬರ್ಲಿಕ್ಕೆ ಹೇಳ್ತೇನೆ. ಆದ್ರೆ ಯಾಕೆ ಅಂತ ಹೇಳುದು ನಾನಲ್ಲ. ಅದು ನೀವೇ ಹೋಗಿ ಹೇಳ್ಬೇಕು," ಅಂದರು.

ಭಾನುವಾರ ಸಿದ್ಧಕಟ್ಟೆ ದಾರಿಯ ಬಸ್ಸು ಹಿಡಿದು ಬಂಟ್ವಾಳಕ್ಕೆ ಹೋಗಿ, ಬಿ.ಸಿ. ರೋಡಿನಲ್ಲಿ ಬಸ್ಸು ಬದಲಾಯಿಸಿ ವಿಟ್ಲದಲ್ಲಿ ಇಳಿದೆ. ದಾರಿಯುದ್ದಕ್ಕೂ ಅವಳ ಬೈಗುಳಗಳನ್ನು ನಾನೇ ತಯಾರು ಮಾಡಿ ಕೇಳಿಸಿಕೊಳ್ಳುತ್ತಿದ್ದೆ. ಅವಳು ಮನೆಗೆ ಕರೆಯಲಿಲ್ಲ. ಸ್ಕೂಟರಿನಲ್ಲಿ ಬಂದು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿ ಎರಡು ಚಾ ಹೇಳಿದಳು. ನಾನು ಶುರುವಿನಿಂದ ಎಲ್ಲವನ್ನೂ ಹೇಳಿದೆ. ಜಾಗ ಸಾಲದೆ ಹೋದದ್ದಲ್ಲ, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಹೋದದ್ದು ಎಂಬುದನ್ನೂ ಹೇಳಿದೆ. ಚಾ ಮೇಲೆ ಕೆನೆ ಕಟ್ಟಿತು.

ಅವಳು ಕೇಳಿದ ಮೊದಲ ಮಾತು, "ಒಳಗೆ ಎಷ್ಟು ಡಿಗ್ರಿ ಇತ್ತು ಅಕ್ಕ?"

"ಮೂವತ್ತಮೂರು."

"ಆ ಪಟಗಳಲ್ಲಿ ಕೆಂಪು ಎಲ್ಲಿತ್ತು?"

"ಹೊರಗೆ. ಅದು ಯಾವಾಗ್ಲೂ ಹೊರಗೇ ಬರ್ತಿತ್ತು."

ಅವಳು ಬೆನ್ನು ನೇರ ಮಾಡಿ ಕುಳಿತಳು. "ಹಾಗಾದ್ರೆ ಮೂವತ್ತಮೂರಕ್ಕೆ ಬಾಗಿಲು ಪೂರ್ತಿ ಬಂದ್ ಆಗುದಿಲ್ಲ. ಅರ್ಧ ಮಾತ್ರ. ಅರ್ಧ ಬಾಗಿಲಲ್ಲಿ ಕೆಂಪು ನುಗ್ತದೆ, ಹಸಿರಿಗೆ ಆಗುದಿಲ್ಲ. ಅಂದ್ರೆ ಎರಡನ್ನೂ ಗುಳ್ಳೆಗೆ ಹತ್ತಿಸುವವರು ಬೇರೆ ಬೇರೆ ಇರ್ಬೇಕಲ್ವಾ? ಇಪ್ಪತ್ತೈದಕ್ಕೆ ಎರಡೂ ಬರ್ತದೆ, ಮೂವತ್ತೇಳಕ್ಕೆ ಎರಡೂ ನಿಲ್ತದೆ. ಅದಕ್ಕೇ ಇದು ನಮ್ಗೆ ಕಾಣ್ಲೇ ಇಲ್ಲ. ಅಕ್ಕ, ಆ ಪಟ ಎಲ್ಲ ಉಂಟಲ್ವಾ? ಬಿಸಾಡ್ಲಿಲ್ಲ ಅಲ್ವಾ?"

ಆ ಕ್ಷಣ ಅವಳ ಬಗ್ಗೆ ನನಗಾದಷ್ಟು ಹೊಟ್ಟೆಕಿಚ್ಚು ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ. ಇಪ್ಪತ್ತಮೂರು ದಿನದ ಆ ಚಿತ್ರಗಳನ್ನು ನಾನು ಕಣ್ಣಿಟ್ಟು ನೋಡಿದ್ದೆ. ಪ್ರತಿಯೊಂದರಲ್ಲೂ ಕೆಂಪು ಹೊರಗೆ ಬಂದದ್ದನ್ನು ಕಂಡಿದ್ದೆ, ಅದನ್ನು ಅವಳ ವಿರುದ್ಧ ಸಾಕ್ಷಿಯಾಗಿ ಇಟ್ಟುಕೊಂಡಿದ್ದೆ. ಅವಳು ಚಿತ್ರವನ್ನು ನೋಡದೆಯೇ, ಒಂದು ಲೋಟ ಚಾ ಆರುವ ಹೊತ್ತಿನಲ್ಲಿ ಅದರಲ್ಲಿದ್ದದ್ದನ್ನು ಹೇಳಿಬಿಟ್ಟಳು. ಅದೂ ತನ್ನ ಮರ್ಯಾದೆ ತೆಗೆದವಳ ಎದುರು ಕುಳಿತು.

ಆಮೇಲೆ ಅವಳಿಗೆ ನೆನಪಾಯಿತೇನೋ. ಉತ್ಸಾಹ ಇಳಿದು ಮುಖ ಬಿಗಿಯಿತು. "ಮನೆಯಲ್ಲಿ ಅಮ್ಮ ಕೇಳಿದ್ರು, ಲ್ಯಾಬಿಗೆ ಯಾಕೆ ಬೇಡ ಅಂದದ್ದು ಅಂತ. ನಾನು ಎಂತ ಹೇಳುದು? ನೀವು ನನ್ನನ್ನು ಒಮ್ಮೆ ಕೇಳ್ಬಹುದಿತ್ತಲ್ಲ." ಕಣ್ಣು ತುಂಬಿತು. ಒರೆಸಿಕೊಳ್ಳದೆ ಹಾಗೆಯೇ ನೋಡುತ್ತ ಹೇಳಿದಳು, "ನಾಳೆ ಬರ್ತೇನೆ. ನಿಮ್ಮ ಮುಖ ನೋಡ್ಲಿಕ್ಕೆ ಅಲ್ಲ. ಆ ಪಟ ನೋಡ್ಲಿಕ್ಕೆ."

ಸೋಮವಾರ ಬೆಳಿಗ್ಗೆ ಅವಳು ನನಗಿಂತ ಮೊದಲೇ ಬಂದಿದ್ದಳು. ನಾವಿಬ್ಬರೂ ಹೆಚ್ಚು ಮಾತಿಲ್ಲದೆ ಸ್ಟೋರ್ ರೂಮಿನ ಚಿತ್ರಗಳಲ್ಲಿ ಹಸಿರನ್ನೂ ಕೆಂಪನ್ನೂ ಬೇರೆ ಬೇರೆ ಎಣಿಸಿದೆವು. ಅವಳು ಹೇಳಿದ್ದೇ ಸರಿ. ಸಮಿತಿಯ ಮುಂದೆ ಮೊದಲು ನಾನು ನಿಂತೆ. ಇನ್‌ಕ್ಯುಬೇಟರಿನ ತಪ್ಪು, ಗೆರೆ ಎಳೆದ ಪುಟಗಳು, ಆಮೇಲೆ ಮೂವತ್ತಮೂರು ಡಿಗ್ರಿಯ ಚಿತ್ರಗಳು, ಎಲ್ಲವನ್ನೂ ತೋರಿಸಿದೆ. ಸಮಿತಿಯ ಹಿರಿಯರೊಬ್ಬರು ಕೊನೆಯ ಚಿತ್ರದ ಹತ್ತಿರ ಬಂದು ಬಗ್ಗಿ ನೋಡಿದರು.

"ನಿಮ್ಮ ಎಲ್ಲ ಕೆಲಸಕ್ಕಿಂತ ಈ ತಪ್ಪೇ ಚೆನ್ನಾಗಿದೆಯಲ್ಲ," ಅಂದರು. "ಕೆಂಪಿಗೂ ಹಸಿರಿಗೂ ಇರುವ ಈ ವ್ಯತ್ಯಾಸವನ್ನು ಮೊದಲು ಗಮನಿಸಿದ್ದು ಯಾರು?"

ಹುದ್ದೆ ಆ ಪ್ರಶ್ನೆಯ ಉತ್ತರದಲ್ಲಿತ್ತು. ಚಿತ್ರ ತೆಗೆದದ್ದು ನಾನು, ತಳಿ ಕಟ್ಟಿದ್ದು ನಾನು, "ನಾವು" ಎಂದು ಹೇಳಿದ್ದರೂ ಪೂರ್ತಿ ಸುಳ್ಳಾಗುತ್ತಿರಲಿಲ್ಲ. ಬಾಯಿಯವರೆಗೆ ಅದೇ ಬಂದಿತ್ತು. ಹಿಂದಿನ ಕುರ್ಚಿಯಲ್ಲಿ ಅವಳು ಕುಳಿತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ, ಚಿತ್ರವನ್ನೇ ನೋಡುತ್ತಿದ್ದಳು.

"ಅವಳು," ಅಂದೆ. "ನಾನು ನೋಡಿದ್ದೆ, ಆದ್ರೆ ಗಮನಿಸಿದ್ದು ಅವಳು."

ಹುದ್ದೆ ಅವಳಿಗೆ ಸಿಕ್ಕಿತು. ಸರಿಯಾಗಿಯೇ ಸಿಕ್ಕಿತು. ಅದರಿಂದ ನನ್ನ ಹೊಟ್ಟೆ ತಣ್ಣಗಾಯಿತು ಎಂದು ಬರೆದರೆ ಅದೂ ಅಳೆಯದೆ ಬರೆದ ಹಾಗಾಗುತ್ತದೆ. ಜೂನ್‌ನಲ್ಲಿ ನಾನು ಬೆಳ್ತಂಗಡಿಯ ಒಂದು ಕಾಲೇಜಿನಲ್ಲಿ ಪಾಠಕ್ಕೆ ಸೇರಿದೆ. ಅಲ್ಲಿ ಸೂಕ್ಷ್ಮದರ್ಶಕವಿದೆ, ಅದರಲ್ಲಿ ಈರುಳ್ಳಿ ಸಿಪ್ಪೆ ತೋರಿಸುತ್ತೇನೆ.

ಜುಲೈಯಲ್ಲಿ ಅವಳಿಂದ ಒಂದು ಮೆಸೇಜ್ ಬಂತು. ಮೂವತ್ತಮೂರು ಡಿಗ್ರಿಯ ಪ್ರಯೋಗವನ್ನು ಹೊಸ ಇನ್‌ಕ್ಯುಬೇಟರಿನಲ್ಲಿ ಮಾಡಿದರೆ ನನ್ನಷ್ಟು ಚೆನ್ನಾಗಿ ಬರುತ್ತಿಲ್ಲವಂತೆ. "ಅಕ್ಕ, ಆ ಹಳೇ ಇನ್‌ಕ್ಯುಬೇಟರ್ ಸ್ಟೋರ್ ರೂಮಿನಲ್ಲಿ ಎಲ್ಲಿ ಇಟ್ಟಿದ್ರಿ? ಫ್ಲಾಸ್ಕ್ ಮೇಲಿನ ತಟ್ಟೆಯಲ್ಲಾ, ಕೆಳಗಿನದ್ರಲ್ಲಾ? ಅದೊಂದು ಹೇಳ್ತೀರಾ?"

ಪಶ್ಚಿಮದ ಕಿಟಕಿಯ ಕೆಳಗೆ, ಮೇಲಿನ ತಟ್ಟೆಯಲ್ಲಿ. ಓದಿದ ಕೂಡಲೇ ನನಗೆ ಗೊತ್ತಿತ್ತು. ಉತ್ತರ ಕಳಿಸಿದ್ದು ನಾಲ್ಕನೆಯ ದಿನ.